ಮೈಸೂರಿನ ಮನೆ, ಕೊವೆಂಟ್ರಿಯ ಬಾಡಿಗೆ

ಪ್ರಶ್ನೆ: ನಾನು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿದ್ದೇನೆ. ಐಎಲ್‌ಆರ್, ಅಂದರೆ ಇಲ್ಲಿ ಕಾಯಂ ಇರುವ ಅನುಮತಿ, ಸಿಕ್ಕಿ ಮೂರು ವರ್ಷ ಆಯಿತು. ಐದು ತಿಂಗಳ ಹಿಂದೆ ಗಂಡನಿಂದ ಬೇರೆ ಬಂದೆ. ಮಗನಿಗೆ 9, ಮಗಳಿಗೆ 6. ಸೂಪರ್‌ಮಾರ್ಕೆಟ್‌ನಲ್ಲಿ ವಾರಕ್ಕೆ 20 ಗಂಟೆ ಕೆಲಸ. ನಾಲ್ಕು ತಿಂಗಳಿಂದ ಯೂನಿವರ್ಸಲ್ ಕ್ರೆಡಿಟ್, ಅಂದರೆ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಬೆನಿಫಿಟ್ ಹಣ, ಬರುತ್ತಿದೆ. ಸದ್ಯಕ್ಕೆ ಗೆಳತಿಯ ಮನೆಯ ಒಂದು ರೂಮಿನಲ್ಲಿ ಮೂವರೂ ಇದ್ದೇವೆ. ಬಾಡಿಗೆ ಮನೆ ನೋಡಲು ಹೋದರೆ, ಬೆನಿಫಿಟ್ ಅಂದ ಕೂಡಲೇ ಏಜೆಂಟರು ಫೋನ್ ಇಡುತ್ತಾರೆ. ಒಬ್ಬರು ಆರು ತಿಂಗಳ ಬಾಡಿಗೆ ಒಟ್ಟಿಗೆ ಕೊಟ್ಟರೆ ನೋಡೋಣ ಎಂದರು. ಇನ್ನೊಂದು ಭಯ. ಮೈಸೂರಿನಲ್ಲಿ ಅಪ್ಪ ಕಟ್ಟಿಸಿದ ಮನೆ ನನ್ನ ಮತ್ತು ಅಣ್ಣನ ಹೆಸರಿನಲ್ಲಿದೆ, 72 ವರ್ಷದ ಅಮ್ಮ ಅದರಲ್ಲಿದ್ದಾರೆ. ನನ್ನ ಹೆಸರಿನಲ್ಲಿ 6 ಲಕ್ಷದ ಎಫ್‌ಡಿ ಇದೆ. ಇಲ್ಲಿ ಬ್ಯಾಂಕಿನಲ್ಲಿ 1,500 ಪೌಂಡ್. ಅರ್ಜಿಯಲ್ಲಿ ಊರಿನ ಆಸ್ತಿ ಬರೆದಿಲ್ಲ, ಬರೆಯಬೇಡ ಎಂದೇ ಎಲ್ಲರೂ ಹೇಳಿದರು. ನನ್ನ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟುಬಿಡಲಾ? ಡಿಸೆಂಬರ್‌ನಲ್ಲಿ ಆರು ವಾರ ಅಮ್ಮನ ಹತ್ತಿರ ಹೋಗಿಬರಬಹುದಾ?

ಉತ್ತರ: ಏಜೆಂಟರ ಕಾಟ ಆಮೇಲೆ ನೋಡೋಣ. ಮೊದಲು ಮೈಸೂರಿನ ಮನೆಯ ಲೆಕ್ಕ ಮುಗಿಸೋಣ. ಅದು ಸರಿಯಾಗದೆ ಬಾಡಿಗೆ ಕರಾರಿಗೆ ಸಹಿ ಹಾಕಿದರೆ ಕಾಲಡಿ ನೆಲ ಗಟ್ಟಿ ಇರುವುದಿಲ್ಲ.

ಯೂನಿವರ್ಸಲ್ ಕ್ರೆಡಿಟ್‌ಗೆ, ಅಂದರೆ ಯುಸಿಗೆ, ಉಳಿತಾಯ ಮತ್ತು ಆಸ್ತಿಯ ಮಿತಿ ಇದೆ. ಒಟ್ಟು 16,000 ಪೌಂಡ್ ದಾಟಿದರೆ ಒಂದು ಪೆನ್ನಿಯೂ ಇಲ್ಲ. 6,000ದ ಒಳಗಿದ್ದರೆ ಲೆಕ್ಕಕ್ಕೇ ಇಲ್ಲ. ನಡುವೆ ಇದ್ದರೆ, 6,000ದ ಮೇಲಿನ ಪ್ರತಿ 250 ಪೌಂಡಿಗೆ ತಿಂಗಳಿಗೆ 4.35 ಪೌಂಡ್ ಕಡಿತ. 250 ಪೂರ್ತಿ ಆಗದಿದ್ದರೂ ಪೂರ್ತಿ ಎಂದೇ ಹಿಡಿಯುತ್ತಾರೆ. ಆಸ್ತಿ ಯಾವ ದೇಶದಲ್ಲಿದ್ದರೂ ಸೇರುತ್ತದೆ. ಮೈಸೂರಿನ ಮನೆ, ಬೆಂಗಳೂರಿನ ಫ್ಲಾಟ್, ಹಾಸನದ ಸೈಟು, ಪೋಸ್ಟಾಫೀಸಿನ ಹಣ, ಎಲ್ಲವೂ. "ಅಲ್ಲಿನದು ಇವರಿಗೆ ಹೇಗೆ ಗೊತ್ತಾಗುತ್ತೆ" ಎನ್ನುವ ಮಾತು ನಮ್ಮವರ ಹುಟ್ಟುಹಬ್ಬದ ಊಟಗಳಲ್ಲಿ ಸಾಕಷ್ಟು ಕೇಳಿದ್ದೇನೆ. ಭಾರತದ ಬ್ಯಾಂಕ್ ಖಾತೆಗಳ ವಿವರ ಬ್ರಿಟನ್ನಿನ ತೆರಿಗೆ ಇಲಾಖೆಗೆ ಹೋಗುವ ಒಪ್ಪಂದ ಇದೆ ಎನ್ನುವುದು ಮಾತ್ರ ಆ ಊಟಗಳಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ.

ಇಷ್ಟು ಓದಿ ಎದೆ ಧಸಕ್ ಎಂದಿರಬಹುದು. ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಯುಸಿ ನಿಯಮಗಳಲ್ಲಿ ಲೆಕ್ಕಕ್ಕೆ ಹಿಡಿಯಬಾರದ ಆಸ್ತಿಗಳ ಪಟ್ಟಿಯೊಂದಿದೆ. ಅದರಲ್ಲಿ ಒಂದು: ಪಿಂಚಣಿ ವಯಸ್ಸು ತಲುಪಿದ ಹತ್ತಿರದ ಸಂಬಂಧಿ ತನ್ನ ಮನೆಯಾಗಿ ವಾಸವಿರುವ ಕಟ್ಟಡ. ತಾಯಿ ಹತ್ತಿರದ ಸಂಬಂಧಿ. ಇಲ್ಲಿನ ಪಿಂಚಣಿ ವಯಸ್ಸು 66 ಇದ್ದದ್ದು ಈಗ ನಿಧಾನಕ್ಕೆ 67ರ ಕಡೆ ಹೋಗುತ್ತಿದೆ. ಅಮ್ಮನಿಗೆ 72. ಹಾಗಾಗಿ ಆ ಮನೆಗೆ 80 ಲಕ್ಷ ಬೆಲೆ ಇರಲಿ, ಕೋಟಿ ಇರಲಿ, ಅಮ್ಮ ಅಲ್ಲಿ ಇರುವವರೆಗೆ ನಿಮ್ಮ ಪಾಲು ಸೊನ್ನೆ ಎಂದೇ ಲೆಕ್ಕ. ಅದೇ ನಿಮ್ಮ ಹೆಸರಿನಲ್ಲಿ ಖಾಲಿ ಸೈಟು ಇದ್ದಿದ್ದರೆ ಕಥೆ ಬೇರೆ ಇತ್ತು. 30-40ರ ಒಂದು ಸೈಟಿನ ಬೆಲೆಯೇ ಮಿತಿ ದಾಟಿಸಿಬಿಡುತ್ತದೆ.

ಅಂದಮಾತ್ರಕ್ಕೆ ಹೇಳದೆ ಇರಬಹುದು ಎಂದಲ್ಲ. ಲೆಕ್ಕಕ್ಕೆ ಬಾರದ ಆಸ್ತಿಯನ್ನೂ ತಿಳಿಸಬೇಕು. ಬಿಡುವುದು ಬಿಡದಿರುವುದು ಯುಸಿ ಕಚೇರಿಯವರು ತೀರ್ಮಾನಿಸುತ್ತಾರೆ. ನಿಮ್ಮ ಯುಸಿ ಖಾತೆಯಲ್ಲಿ ಅವರಿಗೆ ಸಂದೇಶ ಬರೆಯುವ ಆನ್‌ಲೈನ್ ಜರ್ನಲ್‌ನಲ್ಲಿ ಬರೆಯಿರಿ: ಭಾರತದಲ್ಲಿ ಒಂದು ಮನೆ ಇದೆ, ಅಣ್ಣನ ಜೊತೆ ಜಂಟಿ, 72 ವರ್ಷದ ತಾಯಿ ಅದರಲ್ಲಿ ವಾಸವಾಗಿದ್ದಾರೆ, ಬಾಡಿಗೆ ಬರುವುದಿಲ್ಲ, ಅರ್ಜಿ ಹಾಕುವಾಗ ತಿಳಿಸಿರಲಿಲ್ಲ. ಅಮ್ಮನ ಆಧಾರ್ ಮತ್ತು ಕಂದಾಯ ರಸೀದಿಯ ಫೋಟೊ ಕೈಯಲ್ಲಿ ಇಟ್ಟುಕೊಂಡಿರಿ, ಕೇಳಿದರೆ ಕೊಡಬಹುದು.

ಎಫ್‌ಡಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ಪೌಂಡಿಗೆ 115 ರೂಪಾಯಿ ಎಂದು ಇಟ್ಟುಕೊಳ್ಳಿ. 6 ಲಕ್ಷ ಅಂದರೆ 5,217 ಪೌಂಡ್. ಇಲ್ಲಿನ 1,500 ಸೇರಿಸಿದರೆ 6,717. ಮಿತಿಗಿಂತ 717 ಜಾಸ್ತಿ. ಅಂದರೆ 250ರ ಮೂರು ಕಂತು, ತಿಂಗಳಿಗೆ 13.05 ಪೌಂಡ್. ನಾಲ್ಕು ತಿಂಗಳಿಗೆ 52 ಪೌಂಡ್ 20 ಪೆನ್ಸ್. ನೀವು ವಾಪಸ್ ಕೊಡಬೇಕಾಗಿ ಬರುವುದು ಇಷ್ಟೇ. ತಪ್ಪು ಮಾಹಿತಿಗೆ 50 ಪೌಂಡ್ ದಂಡ ಹಾಕಬಹುದು, ಹಾಕಲೇಬೇಕೆಂದಿಲ್ಲ. ಈ ಮೊತ್ತಕ್ಕೆ ನೀವು ನಾಲ್ಕು ತಿಂಗಳು ನಿದ್ದೆಗೆಟ್ಟಿದ್ದೀರಿ. ಮೈಮೇಲಿನ ಒಡವೆ, ತಾಳಿ, ಬಳೆ ಇವನ್ನು ಯಾರೂ ಕೇಳುವುದಿಲ್ಲ. ಅವು ಸ್ವಂತ ಬಳಕೆಯ ವಸ್ತುಗಳು.

ಇನ್ನು ಅಣ್ಣನಿಗೆ ಬಿಟ್ಟುಕೊಡುವ ಯೋಚನೆ. ದಯವಿಟ್ಟು ಬೇಡ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ರಿಲೀಸ್ ಡೀಡ್ ಮಾಡಿಸಿದ ದಿನವೇ ನೀವು ತೊಂದರೆಯನ್ನು ಕೈಯಾರೆ ತಂದುಕೊಂಡಂತೆ. ಬೆನಿಫಿಟ್ ಸಿಗಲಿ ಎಂದು ಆಸ್ತಿ ಬಿಟ್ಟುಕೊಟ್ಟರೆ, ಆ ಆಸ್ತಿ ಇನ್ನೂ ನಿಮ್ಮ ಹತ್ತಿರವೇ ಇದೆ ಎಂದು ಅವರು ಲೆಕ್ಕ ಹಾಕಬಹುದು. ಪಾಲೂ ಹೋಯಿತು, ಯುಸಿಯೂ ಹೋಯಿತು. ಗಂಡನಿಂದ ಬೇರೆಯಾದ ಹೊತ್ತಿನಲ್ಲಿ ತವರಿನ ಪಾಲು ಬಿಟ್ಟುಕೊಡು ಎಂದು ಯಾರೇ ಹೇಳಿದರೂ ಒಂದು ವರ್ಷ ತಡೆಯಿರಿ. ಇದು ಬೆನಿಫಿಟ್ ಸಲಹೆಗಾರನ ಮಾತಲ್ಲ, ಸುಮ್ನೆ ಹೇಳಿದೆ.

ಈಗ ಏಜೆಂಟರು. ಇಲ್ಲಿನ ಬಾಡಿಗೆ ಜಾಹೀರಾತುಗಳಲ್ಲಿ "ನೋ ಡಿಎಸ್‌ಎಸ್" ಎಂಬ ಮಾತು ವರ್ಷಗಟ್ಟಲೆ ಇತ್ತು. ಬೆನಿಫಿಟ್ ಕೊಡುತ್ತಿದ್ದ ಡಿಎಸ್‌ಎಸ್ ಎನ್ನುವ ಇಲಾಖೆಯೇ 2001ರಲ್ಲಿ ಹೋಯಿತು, ಅದರ ಹೆಸರಿನ ಬೈಗುಳ ಉಳಿಯಿತು. 2020ರ ಜುಲೈನಲ್ಲಿ ಯಾರ್ಕ್ ಕೌಂಟಿ ಕೋರ್ಟ್ ಇದು ಕಾನೂನುಬಾಹಿರ ಎಂದಿತು. ಬೆನಿಫಿಟ್ ಪಡೆಯುವವರಲ್ಲಿ ಹೆಂಗಸರು, ಅಂಗವಿಕಲರು ಜಾಸ್ತಿ. ಹಾಗಾಗಿ ಬೆನಿಫಿಟ್‌ನವರಿಗೆ ಮನೆ ಇಲ್ಲ ಎಂದರೆ ಅವರಿಗೇ ಬಾಗಿಲು ಮುಚ್ಚಿದಂತೆ ಎನ್ನುವುದು ತರ್ಕ. ಅದಾದ ಮೇಲೆ ಜಾಹೀರಾತಿನಿಂದ ಮಾತು ಹೋಯಿತು, ಫೋನಿನಲ್ಲಿ ಉಳಿಯಿತು. ಈಗ 2025ರ ರೆಂಟರ್ಸ್ ರೈಟ್ಸ್ ಕಾಯ್ದೆ ನೇರವಾಗಿಯೇ ಹೇಳುತ್ತದೆ. ಇಂಗ್ಲೆಂಡಿನಲ್ಲಿ 2026ರ ಮೇ 1ರಿಂದ, ಬೆನಿಫಿಟ್ ಬರುತ್ತದೆ ಎಂದೋ ಮಕ್ಕಳಿದ್ದಾರೆ ಎಂದೋ ಮನೆ ನಿರಾಕರಿಸುವಂತಿಲ್ಲ. ಮನೆ ತೋರಿಸದೇ ಇರುವುದೂ ನಿರಾಕರಣೆಯೇ. ಕೌನ್ಸಿಲ್, ಅಂದರೆ ಊರಿನ ಸ್ಥಳೀಯ ಆಡಳಿತ, 7,000 ಪೌಂಡ್‌ವರೆಗೆ ದಂಡ ಹಾಕಬಹುದು. ಆರು ತಿಂಗಳ ಬಾಡಿಗೆ ಮುಂಗಡ ಕೇಳುವುದೂ ಅದೇ ದಿನದಿಂದ ನಿಂತಿದೆ. ಕರಾರಿಗೆ ಸಹಿ ಆದ ಮೇಲೆ ಒಂದು ತಿಂಗಳದ್ದು ಕೇಳಬಹುದು, ಅಷ್ಟೇ.

ಆದರೆ ಕಾನೂನು ಒಂದು ಕಿಟಕಿ ತೆರೆದಿಟ್ಟಿದೆ. ಬಾಡಿಗೆ ಕಟ್ಟುವ ಶಕ್ತಿ ಇದೆಯಾ ಎಂದು ಮಾಲೀಕರು ನೋಡಬಹುದು. ಜಗಳ ಆಗುವುದು ಇಲ್ಲೇ. ಏಜೆಂಟರ ಕಂಪ್ಯೂಟರ್ ಸಾಮಾನ್ಯವಾಗಿ ಕೇಳುವುದು ತಿಂಗಳ ಬಾಡಿಗೆಯ 30 ಪಟ್ಟು ವರ್ಷದ ಆದಾಯ. ಬಾಡಿಗೆ 950 ಪೌಂಡ್ ಅಂದರೆ 28,500. ನಿಮ್ಮ ಸಂಬಳ ವರ್ಷಕ್ಕೆ 13,000 ಚಿಲ್ಲರೆ. ಸಂಬಳ ಒಂದನ್ನೇ ತುಂಬಿದರೆ ಕಂಪ್ಯೂಟರ್ ಕೆಂಪು ದೀಪ ತೋರಿಸುತ್ತದೆ. ಯುಸಿ, ಮಕ್ಕಳಿಗೆಂದು ಬರುವ ಚೈಲ್ಡ್ ಬೆನಿಫಿಟ್ ಎರಡೂ ಆದಾಯವೇ, ಅವನ್ನೂ ಸೇರಿಸಿ ನೋಡಬೇಕು.

ಹಾಗಾಗಿ ಫೋನಿನಲ್ಲಿ "ನಾನು ಬೆನಿಫಿಟ್‌ನಲ್ಲಿದ್ದೇನೆ" ಎಂದು ಶುರು ಮಾಡಬೇಡಿ. ಇಮೇಲ್ ಬರೆಯಿರಿ. ಮೊದಲ ಸಾಲು: ಮೂರು ವರ್ಷದಿಂದ ಐಎಲ್‌ಆರ್, ಒಂದೇ ಕೆಲಸ, ಇಬ್ಬರು ಮಕ್ಕಳು. ಎರಡನೇ ಸಾಲು: ತಿಂಗಳಿಗೆ ಕೈಗೆ ಬರುವುದು ಒಟ್ಟು ಇಷ್ಟು, ಇದರಲ್ಲಿ ಸಂಬಳ ಇಷ್ಟು, ಯುಸಿ ಇಷ್ಟು, ಚೈಲ್ಡ್ ಬೆನಿಫಿಟ್ ಇಷ್ಟು. ಕಳೆದ ಮೂರು ತಿಂಗಳ ಸಂಬಳ ಚೀಟಿ, ಯುಸಿ ಸ್ಟೇಟ್‌ಮೆಂಟ್ ಜೊತೆಗಿಡಿ. ಹಿಂದಿನ ಮನೆಯ ಕರಾರಿನಲ್ಲಿ ನಿಮ್ಮ ಹೆಸರಿದ್ದರೆ, ಬಾಕಿ ಇರಲಿಲ್ಲ ಎಂದು ಆ ಮಾಲೀಕರಿಂದ ಎರಡು ಸಾಲು ಬರೆಸಿಕೊಳ್ಳಿ. ಇಮೇಲ್‌ನ ಇನ್ನೊಂದು ಲಾಭ, ಇಲ್ಲ ಎಂದರೆ ಅವರೂ ಬರೆದೇ ಇಲ್ಲ ಎನ್ನಬೇಕು. "ಬೆನಿಫಿಟ್ ಇರುವುದರಿಂದ ಆಗುವುದಿಲ್ಲ" ಎಂದು ಬರೆದರೆ ಅದೇ ನಿಮ್ಮ ಸಾಕ್ಷಿ. ಮೊದಲು ಏಜೆನ್ಸಿಗೇ ದೂರು, ಆಮೇಲೆ ಅವರು ಸದಸ್ಯರಾಗಿರುವ, ದೂರು ವಿಚಾರಿಸುವ ಓಂಬುಡ್ಸ್‌ಮನ್ ಅಥವಾ ರಿಡ್ರೆಸ್ ಸಂಸ್ಥೆಗೆ, ಜೊತೆಗೆ ಕೌನ್ಸಿಲ್‌ಗೆ. ಪ್ರತಿ ಏಜೆಂಟೂ ಇಂಥ ಒಂದು ಸಂಸ್ಥೆಯಲ್ಲಿ ಇರಲೇಬೇಕು. ಗ್ಯಾರಂಟಿ ಹಾಕುವವರನ್ನು ಕೇಳಿದರೆ ಗಾಬರಿ ಬೇಡ, ಅದನ್ನು ಕೇಳಬಹುದು.

ಹಣ ಎಷ್ಟು ಬರುತ್ತದೆ? ಖಾಸಗಿ ಬಾಡಿಗೆಗೆ ಯುಸಿಯೊಳಗಿನ ಮನೆ ಭಾಗವನ್ನು ತೀರ್ಮಾನಿಸುವುದು ನಿಮ್ಮ ಬಾಡಿಗೆ ಕರಾರಲ್ಲ, ಲೋಕಲ್ ಹೌಸಿಂಗ್ ಅಲವೆನ್ಸ್ ಎಂಬ ದರ. ನಿಮ್ಮ ಪ್ರದೇಶದ ಬಾಡಿಗೆಗಳನ್ನು ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ನಿಲ್ಲಿಸಿದರೆ, ಕೆಳಗಿನಿಂದ ನೂರಕ್ಕೆ ಮೂವತ್ತನೆಯದು ಈ ದರ. 2008ರಲ್ಲಿ ದೇಶದಾದ್ಯಂತ ಬಂದಾಗ ನಡು ಮಧ್ಯದ ಬಾಡಿಗೆ ಹಿಡಿದಿದ್ದರು, 2011ರಲ್ಲಿ ಕೆಳಗೆ ಇಳಿಸಿದರು. ವರ್ಷಗಟ್ಟಲೆ ಕದಲಿಸುವುದಿಲ್ಲ, ಆಮೇಲೆ ಒಮ್ಮೆ ಏರಿಸುತ್ತಾರೆ, ಮತ್ತೆ ಹಾಗೇ ಬಿಡುತ್ತಾರೆ. 2024ರ ಏಪ್ರಿಲ್‌ನಲ್ಲಿ ಏರಿಸಿದರು, ಮರುವರ್ಷವೇ ಮತ್ತೆ ತಡೆಹಿಡಿದರು. ಬಾಡಿಗೆ ತಡೆಯಿತಾ? ಇಲ್ಲ. ಅದಕ್ಕೇ ಈ ದರದೊಳಗೆ ಮನೆ ಸಿಗುವುದು ಕಷ್ಟ. ಸರ್ಕಾರದ ತಾಣದಲ್ಲಿ ಮನೆಯ ಪೋಸ್ಟ್‌ಕೋಡ್ ಹಾಕಿದರೆ ದರ ಕಾಣುತ್ತದೆ. ಮನೆ ನೋಡಲು ಹೋಗುವ ಮುಂಚೆ ಹಾಕಿ ನೋಡಿ.

ಎಷ್ಟು ಬೆಡ್‌ರೂಮಿನ ದರ ಎನ್ನುವುದನ್ನು ಮಕ್ಕಳ ವಯಸ್ಸು ಹೇಳುತ್ತದೆ. ಹತ್ತು ವರ್ಷದೊಳಗಿನ ಇಬ್ಬರು, ಗಂಡಾಗಲಿ ಹೆಣ್ಣಾಗಲಿ, ಒಂದೇ ರೂಮು. ಆದ್ದರಿಂದ ಈಗ ನಿಮಗೆ ಎರಡು ಬೆಡ್‌ರೂಮಿನ ದರ. ಲೆಕ್ಕಕ್ಕೆಂದು ಆ ದರ 700 ಪೌಂಡ್, ಬಾಡಿಗೆ 950 ಎಂದುಕೊಳ್ಳಿ. 250 ಪೌಂಡ್ ನಿಮ್ಮ ಕೈಯಿಂದ. ಇನ್ನೊಂದು ಮಾತು. 700 ಅಂದರೆ 700 ಪ್ರತ್ಯೇಕವಾಗಿ ಬರುವುದಿಲ್ಲ. ನಿಮ್ಮ ಖರ್ಚಿನ ಭಾಗ, ಮಕ್ಕಳ ಭಾಗ, ಮನೆ ಭಾಗ ಎಲ್ಲ ಒಟ್ಟು ಸೇರಿಸಿ, ಸಂಬಳದಲ್ಲಿ ಒಂದಿಷ್ಟನ್ನು ಬಿಟ್ಟು ಮಿಕ್ಕ ಪ್ರತಿ ಪೌಂಡಿಗೆ 55 ಪೆನ್ಸ್ ಕಳೆದು, ಉಳಿದದ್ದು ಒಂದೇ ಮೊತ್ತವಾಗಿ ಬರುತ್ತದೆ. ಆ ಮೊತ್ತ ಬಂದ ದಿನವೇ ಬಾಡಿಗೆ ಎತ್ತಿಡಿ.

ಬೆನಿಫಿಟ್‌ಗೆ ಒಟ್ಟು ಮಿತಿ ಹಾಕುವ ಬೆನಿಫಿಟ್ ಕ್ಯಾಪ್ ನಿಮಗೆ ತಗಲುವುದಿಲ್ಲ. ಮಕ್ಕಳಿರುವವರಿಗೆ ಲಂಡನ್ ಹೊರಗೆ ಅದು ವರ್ಷಕ್ಕೆ 22,020 ಪೌಂಡ್. ಆದರೆ ವಾರಕ್ಕೆ 16 ಗಂಟೆ ಕನಿಷ್ಠ ಕೂಲಿಯಷ್ಟು, ಈಗ ತಿಂಗಳಿಗೆ ಸುಮಾರು 880 ಪೌಂಡ್, ದುಡಿಯುವವರಿಗೆ ಅದು ಅನ್ವಯಿಸುವುದಿಲ್ಲ. ನಿಮ್ಮದು 20 ಗಂಟೆ. ಮ್ಯಾನೇಜರ್ ಗಂಟೆ ಕಡಿಮೆ ಮಾಡಲು ಬಂದರೆ ಈ ಅಂಕಿ ನೆನಪಿರಲಿ.

ಯುಸಿ ಬಂತೆಂದರೆ ವಾಸದ ಮನೆಗೆಂದು ಕೌನ್ಸಿಲ್‌ಗೆ ಕಟ್ಟುವ ಕೌನ್ಸಿಲ್ ಟ್ಯಾಕ್ಸೂ ತಾನಾಗಿ ಕಡಿಮೆಯಾಗುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಆಗುವುದಿಲ್ಲ. ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್‌ಗೆ ಬೇರೆಯೇ ಅರ್ಜಿ. ಮನೆಯಲ್ಲಿ ದೊಡ್ಡವರು ಒಬ್ಬರೇ ಇದ್ದರೆ ನೂರಕ್ಕೆ 25 ರಿಯಾಯಿತಿ, ಅದಕ್ಕೂ ಹೇಳಬೇಕು. ಮನೆಗೆ ಹೋದ ವಾರವೇ ಎರಡನ್ನೂ ಮುಗಿಸಿ.

ಅಡ್ವಾನ್ಸ್ ವಿಷಯ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿ ಇಲ್ಲ. ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ. 950ಕ್ಕೆ ಅದು 1,096 ಪೌಂಡ್. ಮನೆ ಹಿಡಿದಿಡಲು ಕೇಳುವ ಹಣ ಒಂದು ವಾರದ್ದು, 219. ಅಡ್ವಾನ್ಸ್ ಕೊಟ್ಟ 30 ದಿನದೊಳಗೆ ಅದನ್ನು ಸರ್ಕಾರ ಒಪ್ಪಿದ ಮೂರು ಯೋಜನೆಗಳಲ್ಲಿ ಒಂದರಲ್ಲಿ ಇಟ್ಟು ನಿಮಗೆ ಚೀಟಿ ಕೊಡಬೇಕು. ಅಷ್ಟು ಹಣ ಕಷ್ಟ ಅನಿಸಿದರೆ ಕೌನ್ಸಿಲ್‌ನ ಹೌಸಿಂಗ್ ವಿಭಾಗಕ್ಕೆ ಹೋಗಿ. ಗೆಳತಿಯ ರೂಮಿನಲ್ಲಿ ಮೂರು ಜನ ಅಂದರೆ ನಿಮಗೆ ಹೇಳಿಕೊಳ್ಳಲು ಮುಜುಗರ, ಕಾನೂನಿನ ಕಣ್ಣಲ್ಲಿ ಅದು ಮನೆ ಕಳೆದುಕೊಂಡ ಸ್ಥಿತಿ ಅಥವಾ ಅದರ ಅಂಚು. 56 ದಿನದೊಳಗೆ ಮನೆ ಕಳೆದುಕೊಳ್ಳುವ ಭಯ ಇರುವವರಿಗೂ ಕೌನ್ಸಿಲ್ ಸಹಾಯ ಮಾಡಲೇಬೇಕು. ಅಡ್ವಾನ್ಸ್‌ಗೆ ಬಾಂಡ್, ಅಂದರೆ ಹಣದ ಬದಲು ಖಾತರಿ ಪತ್ರ, ಕೊಡುವ ಯೋಜನೆ ಇದೆಯಾ, ಆ 250ರ ಕೊರತೆಗೆ ಏನಾದರೂ ಸಿಗುತ್ತದಾ ಎಂದು ಎರಡನ್ನೂ ಕೇಳಿ. ಕೊರತೆಯ ಸಹಾಯ ಮೊದಲು ಡಿಸ್ಕ್ರೆಷನರಿ ಹೌಸಿಂಗ್ ಪೇಮೆಂಟ್ ಎಂಬ ಹೆಸರಲ್ಲಿ ಇತ್ತು, 2026ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಕ್ರೈಸಿಸ್ ಆ್ಯಂಡ್ ರೆಸಿಲಿಯನ್ಸ್ ಫಂಡ್ ಒಳಗೆ ಸೇರಿದೆ. ಹಳೇ ಹೆಸರು ಹೇಳಿ "ಅದು ಇಲ್ಲ" ಎಂದು ಕೇಳಿಸಿಕೊಂಡು ವಾಪಸ್ ಬರಬೇಡಿ.

ನಮ್ಮವರದೇ ಮನೆಯಲ್ಲಿ ರೂಮು ಬಾಡಿಗೆಗೆ ಹಿಡಿಯುವುದಾದರೂ ಕಾಗದ ಇರಲಿ. ಅಣ್ಣ, ಅಕ್ಕನಂಥ ಹತ್ತಿರದ ಸಂಬಂಧಿಯೇ ಮಾಲೀಕರಾಗಿ ಅದೇ ಮನೆಯಲ್ಲಿದ್ದರೆ ಯುಸಿ ಬಾಡಿಗೆ ಕೊಡುವುದಿಲ್ಲ.

ವೀಸಾದ ಬಗ್ಗೆ ಒಂದು ಮಾತು. ನಿಮಗೆ ಐಎಲ್‌ಆರ್ ಇರುವುದರಿಂದ ಇಷ್ಟೆಲ್ಲ ಹೇಳಿದೆ. ಸ್ಕಿಲ್ಡ್ ವರ್ಕರ್, ಸ್ಟೂಡೆಂಟ್, ಅವರ ಡಿಪೆಂಡೆಂಟ್ ವೀಸಾದವರಿಗೆ ಯುಸಿ, ಹೌಸಿಂಗ್ ಬೆನಿಫಿಟ್, ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ ಯಾವುದೂ ಇಲ್ಲ. ಅರ್ಜಿ ಹಾಕಿದರೆ ವೀಸಾಕ್ಕೇ ಕುತ್ತು ಬರಬಹುದು. ಆದರೆ ಗಂಡನ ವೀಸಾದ ಮೇಲೆ ಬಂದು, ಅವನ ಹಿಂಸೆಯಿಂದ ಮನೆ ಬಿಟ್ಟವರಿಗೆ ಮೂರು ತಿಂಗಳು ಬೆನಿಫಿಟ್ ಪಡೆಯಲು ಬಿಡುವ ವಿನಾಯಿತಿ ಒಂದಿದೆ. ಅಂಥವರು ವೀಸಾ ವಕೀಲರನ್ನು ಕೇಳದೆ ಮುಂದಿನ ಹೆಜ್ಜೆ ಇಡಬೇಡಿ.

ಊರಿಗೆ ಹೋಗುವ ವಿಷಯಕ್ಕೆ ಬಂದರೆ, ಆರು ವಾರ ಬೇಡ. ಯುಸಿ ಇರುವಾಗ ದೇಶದ ಹೊರಗೆ ಒಂದು ತಿಂಗಳವರೆಗೆ ಇರಬಹುದು. ನಮ್ಮವರು ಎಡವುವುದು ಎಲ್ಲಿ ಅಂದರೆ, ಮೊದಲ ತಿಂಗಳು ಯುಸಿ ಬರುತ್ತದೆ, ಮೇಲಿನ ಎರಡು ವಾರ ಮಾತ್ರ ಕಟ್ ಎಂದುಕೊಳ್ಳುತ್ತಾರೆ. ಹಾಗಲ್ಲ. ಹೊರಡುವಾಗಲೇ ಒಂದು ತಿಂಗಳು ಮೀರುತ್ತದೆ ಎಂದು ಗೊತ್ತಿದ್ದರೆ ಈ ರಿಯಾಯಿತಿ ಮೊದಲ ದಿನದಿಂದಲೇ ಇಲ್ಲ. ರಿಟರ್ನ್ ಟಿಕೆಟಿನ ತಾರೀಕೇ ಸಾಕ್ಷಿ. ಮೂರೂವರೆ ವಾರಕ್ಕೆ ಟಿಕೆಟ್ ಮಾಡಿಸಿ, ಹೊರಡುವ ಮುಂಚೆ ಜರ್ನಲ್‌ನಲ್ಲಿ ಬರೆಯಿರಿ. ಅಲ್ಲಿದ್ದಾಗ ಹತ್ತಿರದವರು ತೀರಿಕೊಂಡರೆ ಇನ್ನೊಂದು ತಿಂಗಳು ಬಿಡುತ್ತಾರೆ. ಅಂಥದ್ದು ಬಾರದಿರಲಿ.

ಮನೆ ಸಿಕ್ಕಿತು ಅನ್ನಿ. ಎರಡು ತಾರೀಕು ನೋಡಿಕೊಳ್ಳಿ. ನಿಮ್ಮ ಯುಸಿ ಲೆಕ್ಕ ಹಾಕುವ ತಿಂಗಳು ಮುಗಿಯುವುದು ಯಾವತ್ತು ಎಂದು ಸ್ಟೇಟ್‌ಮೆಂಟ್‌ನಲ್ಲಿ ಇರುತ್ತದೆ. ಆ ತಿಂಗಳ ಕೊನೆಯ ದಿನ ಹೊಸ ಮನೆಗೆ ಹೋದರೂ, ಆ ಇಡೀ ತಿಂಗಳಿಗೆ ಮನೆ ಭಾಗ ಲೆಕ್ಕ ಹಾಕುತ್ತಾರೆ. ದಿನದ ಲೆಕ್ಕ ಇಲ್ಲ. ಆದರೆ ಬದಲಾವಣೆಯನ್ನು ಅದೇ ತಿಂಗಳು ಮುಗಿಯುವುದರೊಳಗೆ ತಿಳಿಸಬೇಕು. 17ಕ್ಕೆ ತಿಂಗಳು ಮುಗಿದು ನೀವು 16ಕ್ಕೆ ಹೋದರೆ, ಪೆಟ್ಟಿಗೆ ಬಿಚ್ಚುವ ಮುಂಚೆ ಫೋನ್ ತೆಗೆದು ವಿಳಾಸ ಬದಲಿಸಿ, ಕರಾರಿನ ಫೋಟೊ ಹಾಕಿ. 19ಕ್ಕೆ ಹಾಕಿದರೆ ಒಂದು ತಿಂಗಳ ಬಾಡಿಗೆ ಹೋಯಿತು ಎಂದೇ ತಿಳಿಯಿರಿ. ಇನ್ನೊಂದು ತಾರೀಕು ಬಾಡಿಗೆಯದು. ಯುಸಿ 24ಕ್ಕೆ ಬಂದು ಬಾಡಿಗೆ 20ಕ್ಕೆ ಎಂದಿದ್ದರೆ ಪ್ರತಿ ತಿಂಗಳೂ ನಾಲ್ಕು ದಿನ ಸಾಲ ಕೇಳಬೇಕಾಗುತ್ತದೆ. 26ಕ್ಕೆ ಎಂದು ಕರಾರಿನಲ್ಲಿ ಬರೆಸಿಕೊಳ್ಳಿ, ಸಹಿಗೆ ಮುಂಚೆ ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಬಾಡಿಗೆ ನೇರವಾಗಿ ತಮಗೇ ಬರಲಿ ಎಂದು ಮಾಲೀಕರು ಕೇಳಿದರೆ ಆಗಲಿ ಎಂದು ಮಾತು ಕೊಡಬೇಡಿ. ಇಂಗ್ಲೆಂಡಿನಲ್ಲಿ ಯುಸಿ ಸಾಮಾನ್ಯವಾಗಿ ಬಾಡಿಗೆದಾರರ ಖಾತೆಗೇ ಬರುತ್ತದೆ. ಎರಡು ತಿಂಗಳ ಬಾಕಿ ಆದರೆ, ಅಥವಾ ಹಣ ನಿಭಾಯಿಸಲು ಆಗದ ಕಾರಣ ಇದ್ದರೆ, ನೇರ ಪಾವತಿ ಕೇಳಬಹುದು.

ಯುಸಿ ತಡವಾಗಿ ಬಾಡಿಗೆ ನಿಂತರೂ ಈಗ ಮೊದಲಿನಷ್ಟು ಹೆದರಬೇಕಿಲ್ಲ. ಕಾರಣ ಹೇಳದೆ ಖಾಲಿ ಮಾಡಿಸುವ ಸೆಕ್ಷನ್ 21 ಹೋಗಿದೆ. ಬಾಕಿಯ ಮೇಲೆ ಖಾಲಿ ಮಾಡಿಸಲೇಬೇಕಾದ ಕಟ್ಟುನಿಟ್ಟಿನ ಕಾರಣಕ್ಕೆ ಮೂರು ತಿಂಗಳ ಬಾಕಿ ಬೇಕು, ಮಂಜೂರಾದ ಯುಸಿ ಇನ್ನೂ ಕೈಗೆ ಬಾರದೆ ನಿಂತ ಬಾಡಿಗೆಯನ್ನು ಆ ಲೆಕ್ಕಕ್ಕೆ ಸೇರಿಸುವಂತಿಲ್ಲ. ಬಾಡಿಗೆ ಏರಿಸುವುದೂ ವರ್ಷಕ್ಕೊಮ್ಮೆ, ಎರಡು ತಿಂಗಳ ನೋಟಿಸ್ ಕೊಟ್ಟು.

ಆ 250ರ ಕೊರತೆ ಎಷ್ಟು ದಿನ ಎಂದು ಕೇಳುತ್ತೀರಿ ಅಲ್ವಾ? ಮಗನಿಗೆ ಹತ್ತು ತುಂಬಿದ ಮೇಲೆ ಅಣ್ಣ ತಂಗಿ ಒಂದೇ ರೂಮು ಎನ್ನುವ ನಿಯಮ ನಿಮಗೆ ಅನ್ವಯಿಸುವುದಿಲ್ಲ. ನೀವು ಅದೇ ಎರಡು ಬೆಡ್‌ರೂಮಿನ ಮನೆಯಲ್ಲಿದ್ದರೂ ದರ ಮೂರು ಬೆಡ್‌ರೂಮಿನದು. ಆ ದರ 820 ಎಂದುಕೊಂಡರೆ ಕೊರತೆ 130ಕ್ಕೆ ಇಳಿಯುತ್ತದೆ. ಅವನ ಹುಟ್ಟುಹಬ್ಬದ ಮೇಲೆ ಬರುವ ಮೊದಲ ಸ್ಟೇಟ್‌ಮೆಂಟ್ ತೆಗೆದು ಮನೆ ಭಾಗದ ಸಾಲು ನೋಡಿ. ಹಳೇ ಅಂಕಿಯೇ ಇದ್ದರೆ ಅವತ್ತೇ ಜರ್ನಲ್‌ನಲ್ಲಿ ಬರೆಯಿರಿ.